ದ್ವೀಪದಿಂದ ಬಂದ ನಲವತ್ತೊಂದು ಬೀಜಗಳು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಮುಂದೆ ಬಂದವರು ಸರ್ಕಾರದ ಸಸ್ಯ ಸಂರಕ್ಷಣಾ ಕಚೇರಿಯ ಹಿರಿಯ ಸಲಹೆಗಾರರು. ವಯಸ್ಸು ಐವತ್ತೇಳು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಿಂದೆ ಬಂದಾಕೆ ಸಮುದ್ರದಾಚೆಯ ಒಂದು ಪುಟ್ಟ ದ್ವೀಪದೇಶದ ಅರಣ್ಯಾಧಿಕಾರಿ. ಎರಡು ವರ್ಷ ಇಲ್ಲೇ ಅವರ ಕೈಕೆಳಗೆ ತರಬೇತಿ ಪಡೆದಿದ್ದರಿಂದ ಆಕೆಗೆ ಇಲ್ಲಿನ ಮಾತು ಚೆನ್ನಾಗಿ ಬರುತ್ತಿತ್ತು. ಸಲಹೆಗಾರರನ್ನು ಆಕೆ ಮೇಷ್ಟ್ರೇ ಎಂದೇ ಕರೆಯುತ್ತಿದ್ದಳು.

"ಕಳ್ಳತನ ಆಗಿದೆ," ಎಂದರು ಸಲಹೆಗಾರರು.

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದ.

"ಬೀಜ. ನಲವತ್ತೊಂದು."

ದಫೇದಾರ ತಲೆ ಎತ್ತಿದ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವನು ಬೀಜಗಳ್ಳನನ್ನು ಕಂಡಿರಲಿಲ್ಲ. "ಕುಂಬಳಕಾಯಿ ಬೀಜಾನಾ ಸಾರ್?" ಎಂದುಬಿಟ್ಟ. ದ್ವೀಪದಾಕೆಯ ಮುಖ ನೋಡಿ ಅವನ ನಗು ಅಲ್ಲೇ ಇಂಗಿತು.

"ಆ ಗಿಡ ಇಡೀ ಪ್ರಪಂಚದಲ್ಲಿ ನಮ್ಮ ಒಂದು ಗುಡ್ಡದಲ್ಲಿ ಮಾತ್ರ ಇತ್ತು," ಎಂದಳು ಆಕೆ. "ಏಳು ವರ್ಷದ ಹಿಂದೆ ನಿಮ್ಮ ಸರ್ಕಾರ ಮೇಷ್ಟ್ರನ್ನ ನಮ್ಮಲ್ಲಿಗೆ ಕಳಿಸಿತ್ತು. ನಿಮ್ಮಲ್ಲಿ ಸರಿಯಾಗಿ ಕರೆಂಟಿಲ್ಲ, ಶೀತಲ ಪೆಟ್ಟಿಗೆ ಇಲ್ಲ, ನಮ್ಮ ಹತ್ರ ಕೊಡಿ, ಜೋಪಾನ ಮಾಡ್ತೀವಿ ಅಂದ್ರು. ಕೊಟ್ವಿ. ನಾಲ್ಕು ತಿಂಗಳ ಹಿಂದೆ ಗುಡ್ಡ ಕುಸಿದು ಉಳಿದಿದ್ದ ಎರಡು ಗಿಡಾನೂ ಮಣ್ಣುಪಾಲಾದ್ವು. ಬೀಜ ವಾಪಸ್ ತಗೊಂಡು ಹೋಗಿ ಬಿತ್ತೋಣ ಅಂತ ಬಂದೆ."

ಹನ್ನೊಂದು ಐದಕ್ಕೆ ಎಫ್‌ಐಆರ್ ಆಯಿತು. ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಒಬ್ಬಳು ಮಹಿಳಾ ಪೇದೆ ಸ್ಥಳದಲ್ಲಿದ್ದರು. ಕಣ್ಣಿಗೆ ಏನೂ ತಪ್ಪುವುದಿಲ್ಲವೆಂದು ಆ ಪೇದೆಗೆ ಠಾಣೆಯಲ್ಲಿ ಭೂತಗನ್ನಡಿ ಎಂದು ಹೆಸರು ಬಿದ್ದಿತ್ತು.

ಎರಡನೇ ಮಹಡಿಯ ಬೀಜದ ಕೋಣೆ. ಬಾಗಿಲ ಬೀಗವನ್ನು ಯಾರೋ ಮೀಟಿದ್ದರು. ಒಳಗೆ ಎದೆಯೆತ್ತರದ ಶೀತಲ ಪೆಟ್ಟಿಗೆ, ಅದರಲ್ಲಿ ಹತ್ತೊಂಬತ್ತು ತಗಡಿನ ಡಬ್ಬಿಗಳು. ಇಪ್ಪತ್ತನೆಯದಿಲ್ಲ.

"ಕೊನೇ ಸಲ ಯಾವಾಗ ನೋಡಿದ್ರಿ?" ಇನ್‌ಸ್ಪೆಕ್ಟರ್ ಸಲಹೆಗಾರರನ್ನು ಕೇಳಿದ.

"ಶುಕ್ರವಾರ ಸಂಜೆ ಐದಕ್ಕೆ. ನಾನೇ ಕೈಯಾರೆ ಮುಟ್ಟಿ ನೋಡಿದೀನಿ."

"ಇವತ್ತು ಮೊದಲು ಬಂದಿದ್ದು ಯಾರು?"

ಸಲಹೆಗಾರರು ಜೇಬಿನ ಪೆನ್ನು ಸರಿಮಾಡಿಕೊಂಡರು. "ಕಸ ಗುಡಿಸೋಳು. ಹೊರಬಾಗಿಲ ಕೀಲಿ ಅವಳ ಹತ್ರಾನೇ ಇರುತ್ತೆ."

ಇನ್‌ಸ್ಪೆಕ್ಟರ್ ಅವಳನ್ನು ಕರೆಸಿದ. ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಬಡವಿ, ಕೀಲಿ ಇದ್ದವಳು. ಅಷ್ಟು ಸಾಕಾಯಿತು ಅವನಿಗೆ. ಪಡಸಾಲೆಯಲ್ಲಿ, ಇಡೀ ಕಚೇರಿ ನೋಡುತ್ತಿರುವಂತೆಯೇ, ಅವಳ ಚೀಲವನ್ನು ಮೇಜಿನ ಮೇಲೆ ಸುರಿಸಿದ. ಊಟದ ಡಬ್ಬಿ, ಕೂದಲು ಸಿಕ್ಕಿದ್ದ ಬಾಚಣಿಗೆ, ಮಾತ್ರೆಯ ಪಟ್ಟಿ, ಒಗೆದು ಮಡಿಸಿಟ್ಟ ಒಳಬಟ್ಟೆ. ಯಾರೋ ಕಿಸಕ್ಕೆಂದರು. ಅವಳು ಮೊದಲು ಆ ಬಟ್ಟೆಯನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡಳು.

"ಹನ್ನೆರಡು ವರ್ಷದಿಂದ ಇಲ್ಲಿದೀನಪ್ಪ," ಎಂದಳು, ಅಷ್ಟೇ.

ಸಲಹೆಗಾರರು ಗೋಡೆಯ ಕಡೆ ನೋಡುತ್ತಿದ್ದರು.

ಪಂಚನಾಮೆ ಬರೆಯುವಾಗ ಭೂತಗನ್ನಡಿ ಪೆಟ್ಟಿಗೆಯೊಳಗೆ ತಲೆ ಹಾಕಿ ನಿಂತವಳು ಅಲುಗಲೇ ಇಲ್ಲ.

"ಏನಮ್ಮಾ, ತಂಪಾಗಿದೆಯಾ?" ದಫೇದಾರ ಕೆಣಕಿದ.

"ಇಲ್ಲಿ ಬನ್ನಿ ಸಾರ್." ಅವಳು ಒಂದು ಡಬ್ಬಿ ಎತ್ತಿದಳು. ಅದರ ಕೆಳಗೆ ಪೆಟ್ಟಿಗೆಯ ತಟ್ಟೆಯಲ್ಲಿ ಗಡ್ಡೆ ಕಟ್ಟಿರಲಿಲ್ಲ. ಸುತ್ತ ಮಾತ್ರ ಬೆರಳುದಪ್ಪ ಮಂಜುಗಡ್ಡೆ. ಇನ್ನೊಂದು ಎತ್ತಿದಳು. ಅಲ್ಲೂ ಹಾಗೇ, ಅಚ್ಚೊತ್ತಿದಂತೆ ಚೌಕ. "ಈಗ ಕಳುವಾದ ಡಬ್ಬಿ ಜಾಗ ನೋಡಿ."

ಅಲ್ಲಿ ಅಂಚಿನಿಂದ ಅಂಚಿಗೆ ಒಂದೇ ಸಮ ಗಡ್ಡೆ ಕಟ್ಟಿತ್ತು.

"ನಮ್ಮನೆ ಫ್ರಿಜ್ಜಲ್ಲಿ ಇಷ್ಟು ದಪ್ಪ ಕಟ್ಟಬೇಕಾದ್ರೆ ತಿಂಗಳುಗಟ್ಟಲೆ ಬೇಕು ಸಾರ್. ಶುಕ್ರವಾರ ಇಲ್ಲಿ ಡಬ್ಬಿ ಇರಲೇ ಇಲ್ಲ."

ಇನ್‌ಸ್ಪೆಕ್ಟರನ ಕಿವಿ ಬಿಸಿಯಾಯಿತು. ತಾನು ಮೊದಲು ನೋಡಬೇಕಾಗಿದ್ದು ಈ ಪೆಟ್ಟಿಗೆಯನ್ನು, ಸುರಿಸಿದ್ದು ಚೀಲವನ್ನು. ಮಂಜುಗಡ್ಡೆಯ ಫೋಟೊ ತೆಗೆಸಿ, ಅಳತೆ ಹಾಕಿಸಿ ಪಂಚನಾಮೆಗೆ ಸೇರಿಸಿದ.

ಪೆಟ್ಟಿಗೆಯ ಹಿಂಬದಿಯಲ್ಲಿ ರಿಪೇರಿಯವನ ಚೀಟಿ ಅಂಟಿಸಿತ್ತು. ಮಧ್ಯಾಹ್ನ ಎರಡೂವರೆಗೆ ಅವನ ಅಂಗಡಿ ಹುಡುಕಿಕೊಂಡು ಹೋದರು.

"ನೆನಪಿದೆ ಸಾರ್. ಹದಿನಾಲ್ಕು ತಿಂಗಳಾಯ್ತು. ಮಿಷಿನ್ನಿಗೆ ಏನೂ ಆಗಿರಲಿಲ್ಲ, ಪ್ಲಗ್ ಕಿತ್ತಿತ್ತು ಅಷ್ಟೇ. ಆದ್ರೆ ಒಳಗೆಲ್ಲ ನೀರು, ಬೂಷ್ಟು, ಗಬ್ಬು ವಾಸನೆ."

"ಕರೆದವರು ಯಾರು?"

"ದೊಡ್ಡ ಸಾಹೇಬ್ರೇ, ಆ ಸಲಹೆಗಾರರು. ಯಾರಿಗೂ ಹೇಳಬೇಡ ಅಂದ್ರು. ಸ್ವಲ್ಪ ಹೊತ್ತು ಅಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ರು ಸಾರ್."

ನಾಲ್ಕಕ್ಕೆ ಮತ್ತೆ ಕಚೇರಿಗೆ ಹೋದಾಗ ಮೆಟ್ಟಿಲು ಒರೆಸುತ್ತಿದ್ದ ಆ ಹೆಂಗಸು ಇನ್‌ಸ್ಪೆಕ್ಟರನನ್ನು ಕಂಡು ಎದ್ದು ನಿಂತು, ಕೇಳುವ ಮೊದಲೇ ಚೀಲದ ಬಾಯಿ ಬಿಚ್ಚಿ ಹಿಡಿದಳು. ಅವನು ನಿಂತ. ಟೋಪಿ ತೆಗೆದ.

"ಬೇಡಮ್ಮ. ನಂದೇ ತಪ್ಪು."

"ಅದನ್ನ ಅಲ್ಲಿ ಹೇಳಿ," ಎಂದಳು ಅವಳು, ಮೇಲಿನ ಪಡಸಾಲೆಯತ್ತ ಗದ್ದದಿಂದ ಸನ್ನೆ ಮಾಡಿ.

ಅವನು ಅಲ್ಲಿಗೆ ಹೋಗಿ, ಎಲ್ಲರನ್ನೂ ಮೇಜಿನಿಂದೆಬ್ಬಿಸಿ ಹೇಳಿದ. ನಾಲಿಗೆ ಎರಡು ಸಲ ತೊಡರಿತು. ಯಾರೂ ಅವನ ಮುಖ ನೋಡಲಿಲ್ಲ.

ಸಲಹೆಗಾರರು ತಮ್ಮ ಕೋಣೆಯಲ್ಲಿದ್ದರು. ಎದುರಿಗೆ ದ್ವೀಪದಾಕೆ. ಇನ್‌ಸ್ಪೆಕ್ಟರ್ ಮಂಜುಗಡ್ಡೆಯ ಫೋಟೊ ಮತ್ತು ರಿಪೇರಿಯವನ ಹೇಳಿಕೆಯನ್ನು ಮೇಜಿನ ಮೇಲಿಟ್ಟ.

"ಬೀಗ ಮೀಟಿದ್ದು ಯಾರು?"

"ನಾನೇ," ಎಂದರು ಅವರು, ಯಾರಾದರೂ ಕೇಳಲೆಂದೇ ಕಾದಿದ್ದವರಂತೆ.

"ಪ್ಲಗ್ ಕಿತ್ತಿದ್ದು?"

"ಅದೂ ನಾನೇ. ಐದು ದೇಶದವರಿಗೆ ಪಾಠ ಹೇಳ್ತಿದ್ದೆ, ಕಂಪ್ಯೂಟರಿನಲ್ಲಿ. ಬೀಜ ಕಾಪಾಡೋದು ಹೇಗೆ ಅಂತ ಈ ಪೆಟ್ಟಿಗೆ ಮುಂದೆ ನಿಂತೇ ತೋರಿಸ್ತಿದ್ದೆ. ಅಲಾರಂ ಕೂಗೋಕೆ ಶುರುವಾಯ್ತು. ಎಲ್ಲರ ಮುಂದೆ ಮುಜುಗರ. ವೈರ್ ಎಳೆದುಬಿಟ್ಟೆ. ಪಾಠ ಮುಗೀತು, ಅವರೆಲ್ಲ ಚಪ್ಪಾಳೆ ತಟ್ಟಿದ್ರು, ಮರೆತು ಮನೆಗೆ ಹೋದೆ. ನಾಲ್ಕು ದಿನ ರಜೆ. ಬಂದು ನೋಡಿದ್ರೆ ಬೀಜ ಎಲ್ಲ ಕೊಳೆತಿತ್ತು." ಅವರು ಕನ್ನಡಕ ತೆಗೆದರು. "ಉಳಿದ ಬೀಜ ಇಲ್ಲೇ ಸುತ್ತಮುತ್ತ ಸಿಕ್ಕೋವು, ಮತ್ತೆ ತಂದು ತುಂಬಿಸಿದೆ. ದ್ವೀಪದ್ದು ಎಲ್ಲಿಂದ ತರಲಿ? ಆ ಡಬ್ಬಿ ಬಿಸಾಕಿದೆ. ಆಮೇಲೂ ಇವರಿಗೆ 'ಬೀಜ ಸುರಕ್ಷಿತ' ಅಂತ ಕಾಗದ ಬರೆದೆ."

"ಅಂದ್ರೆ, ಹೋದ ವರ್ಷ ಬೇಸಿಗೆಯಲ್ಲೇ?" ದ್ವೀಪದಾಕೆ ಕೇಳಿದಳು.

"ಹೌದು."

"ಆಗ ನಮ್ಮ ಎರಡು ಗಿಡ ಇನ್ನೂ ಇದ್ವು ಮೇಷ್ಟ್ರೇ." ಆಕೆಯ ದನಿ ಏರಲಿಲ್ಲ. "ಆ ವರ್ಷ ಹೂ ಬಿಟ್ಟು ಕಾಯೂ ಕಟ್ಟಿದ್ವು. ಕಡಿದಾದ ಜಾಗ, ಜಾರಿ ಬೀಳೋದು ಬೇಡ, ಹೇಗೂ ನಿಮ್ಮ ಹತ್ರ ಇದಾವಲ್ಲ ಅಂತ ಹುಡುಗರನ್ನ ಹತ್ತೋಕೆ ಬಿಡಲಿಲ್ಲ ನಾನು. ಒಂದು ಮಾತು ಹೇಳಿದ್ರೆ ಸಾಕಿತ್ತು. ಮತ್ತೆ ಆರಿಸಿ ಕಳಿಸ್ತಿದ್ವಿ. ಬೈತಾನೂ ಇರಲಿಲ್ಲ."

ಸಲಹೆಗಾರರು ಕನ್ನಡಕ ಮಡಿಸಿ ಮೇಜಿನ ಮೇಲಿಟ್ಟರು.

ಸಂಜೆ ನಾಲ್ಕು ಐವತ್ತಕ್ಕೆ ಸುಳ್ಳು ದೂರು ಮತ್ತು ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಅವರ ಬಂಧನವಾಯಿತು. ಬಂಧನ ಪತ್ರಕ್ಕೆ ಸಹಿ ಮಾಡುವಾಗ ಅಕ್ಷರ ಕೆಟ್ಟಿತು. ಅದಕ್ಕೆ ಅವರು ಕ್ಷಮೆ ಕೇಳಿದರು. ತನಿಖೆಯಲ್ಲಿ ಅವರ ಮನೆಯಲ್ಲಾಗಲಿ ಬೇರೆಲ್ಲಾಗಲಿ ಲಾಭದ ಯಾವ ಸುಳಿವೂ ಸಿಗಲಿಲ್ಲ. ಮೂವತ್ತು ವರ್ಷ ದೇಶದೇಶ ತಿರುಗಿ ಬೇರೆಯವರ ತಪ್ಪು ತಿದ್ದಿದವರಿಗೆ, ಅದೇ ಜನರ ಮುಂದೆ ನಿಂತು ನನ್ನಿಂದಲೂ ತಪ್ಪಾಯಿತು ಎನ್ನುವುದೊಂದು ಸಾಧ್ಯವಾಗಿರಲಿಲ್ಲ.