ಮೀಟಿಂಗಿನಲ್ಲಿ ನುಂಗಿದ ಮಾತು

ಮೀಟಿಂಗ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆ, ಮಾರಾಟವಾಗದ ಪೆಟ್ರೋಲ್ ಕಾರುಗಳು ಕಾರ್ಖಾನೆಯ ಅಂಗಳದ ತುಂಬ ಧೂಳು ಹೊದ್ದು ನಿಂತಿದ್ದವು.

“ಬೇರೆ ಕಂಪನಿಯವರ ಎಲೆಕ್ಟ್ರಿಕ್ ಕಾರು ಬೀದಿಬೀದಿಯಲ್ಲಿ ಓಡ್ತಿದೆ. ನಮ್ದು ಇನ್ನೂ ಹೊರಗೇ ಬಂದಿಲ್ಲ. ತಡ ಮಾಡಿದ್ದು ಯಾರು?” ಎಂದರು ದೊಡ್ಡ ಸಾಹೇಬರು.

ಎಂಜಿನ್ ವಿಭಾಗದ ಮುಖ್ಯಸ್ಥೆ ಮುಂದಿದ್ದ ಕಾಗದಗಳನ್ನು ಮತ್ತೆ ಜೋಡಿಸತೊಡಗಿದಳು. ತಡ ಮಾಡಿಸಿದ್ದು ಅವಳೇ. ಹೊಸ ಎಲೆಕ್ಟ್ರಿಕ್ ಕಾರಿಗೆ ಎಂಜಿನ್ನೇ ಬೇಡ. ಹಾಗಾದರೆ ತನ್ನ ಕೈಕೆಳಗಿನ ಜನ ಎಲ್ಲಿಗೆ ಹೋಗಬೇಕು? ಹೊಸ ಕಾರಿನ ಹೊಣೆ ಹೊತ್ತವನ ಕ್ಯಾಬಿನ್ನಿಗೆ ಮತ್ತೆ ಮತ್ತೆ ಹೋಗಿ, “ನನ್ನ ಎಂಜಿನ್ ಲೈನ್ ಈಗಲೇ ತೆಗೀಬೇಡಿ, ಸ್ವಲ್ಪ ತಡೀರಿ” ಎಂದು ದುಂಬಾಲು ಬಿದ್ದಿದ್ದಳು. “ನಿಮ್ಮ ಕಾಟ ತಡೆಯೋಕಾಗಲ್ಲ ಮೇಡಂ, ಆಯ್ತು” ಎಂದು ಅವನು ನಗುತ್ತಿದ್ದ.

ಈಗ ಬಾಯಿ ಬಿಡಬೇಕಾಗಿತ್ತು. ನಾಲಿಗೆ ಏಳಲಿಲ್ಲ.

ಎದುರು ಕುರ್ಚಿಯಿಂದ ಅವನು ಅವಳತ್ತ ಒಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

“ನಾನೇ, ಸರ್,” ಎಂದ.

“ಹಾಗಾದ್ರೆ ಹೊಸ ಕಾರು ಬೇರೆಯವರು ನೋಡ್ಕೋತಾರೆ. ನೀವು ಗೋದಾಮಿಗೆ ಹೋಗಿ.”

ಮಧ್ಯಾಹ್ನ ಅವಳು ತೆರೆದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು. ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

“ಕಾರ್ಖಾನೇಲಿ ಹುಲಿ ಹಾಗೆ ಓಡಾಡೋಳು, ಅಲ್ಲಿ ಇಲಿ ಆದ್ಯಾ?” ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿ, “ಅವನಂದ್ರೆ ಇಷ್ಟ ತಾನೆ ನಿಂಗೆ? ಮತ್ತೆ ನನ್ನ ಹತ್ರ ಯಾಕೆ ಅಳ್ತಾ ಕೂತಿದೀಯ? ಏಳು.”

ಅವಳು ಎದ್ದು ನೇರ ಸಾಹೇಬರ ಮುಂದೆ ನಿಂತಳು. ನಿಜ ಹೇಳುವಷ್ಟರಲ್ಲಿ ಕಿವಿಯ ತುದಿಯವರೆಗೆ ಬಿಸಿಯೇರಿತ್ತು.

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೊಸ ಕಾರು ಅವರ ಹತ್ರಾನೇ ಇರಲಿ. ನೀವು ಇನ್ಮೇಲೆ ಮುಖ್ಯಸ್ಥೆ ಅಲ್ಲ. ಅವರ ಕೈಕೆಳಗೆ ಕೆಲಸ ಮಾಡಿ. ಎಂಜಿನ್ ಲೈನ್ ನಿಲ್ಲುತ್ತೆ ಅಂತ ನಿಮ್ಮ ಜನಕ್ಕೆ ನೀವೇ ಹೇಳಿ. ಬ್ಯಾಟರಿ ಕೆಲಸ ಕಲಿತವರು ಉಳೀತಾರೆ.”

ಹೇಳಿದಳು. ಕೆಲವರು ಮುಖ ತಿರುಗಿಸಿದರು. ಹಿರಿಯ ಫಿಟ್ಟರ್ ಒಬ್ಬ, “ಮೊದಲೇ ಹೇಳಿದ್ರೆ ಇಷ್ಟೊತ್ತಿಗೆ ಕಲ್ತಿರ್ತಿದ್ವಲ್ಲಮ್ಮ?” ಎಂದ. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವರ ಸಮಯವನ್ನೇ ಕಳೆದಿದ್ದಳು.

ಅವನ ಕ್ಯಾಬಿನ್ನಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು.

“ತಲೆ ಎತ್ತಿ ಮೇಡಂ. ನೆಲದ ಟೈಲ್ಸ್ ನಾನು ಹಾಕ್ಸಿದ್ದಲ್ಲ.”

“ಎತ್ತೋಕೆ ಮುಖ ಇಲ್ಲ. ನೀವ್ಯಾಕೆ ನನ್ನ ಹೆಸರು ಹೇಳ್ಲಿಲ್ಲ?”

ಅವನ ನಗು ಆರಿತು. “ಹೇಳೋಕೆ ನಂಗೂ ನಾಚಿಕೆ. ನಿಮ್ಮ ಜನಕ್ಕೋಸ್ಕರ ತಡ ಮಾಡ್ದೆ ಅನ್ಕೊಂಡಿದೀರಿ. ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು.”

“ಮತ್ತೆ?”

“ನೀವು ಮತ್ತೆ ಕೇಳೋಕೆ ಬರ್ತೀರಲ್ಲ, ಅದಕ್ಕೆ. ಅಂಗಳದ ತುಂಬ ಕಾರು ನಿಂತಿದ್ರೂ ನಾನು ಬಾಗಿಲು ನೋಡ್ಕೊಂಡು ಕೂತಿದ್ದೆ.”

ಅವಳು ತಲೆಯೆತ್ತಿದಳು. ಈಗ ನೆಲ ನೋಡುತ್ತಿದ್ದವನು ಅವನು.

“ನಾನೂ ಬರೀ ಲೈನ್ ವಿಷಯಕ್ಕೆ ಬರ್ತಿರಲಿಲ್ಲ,” ಎಂದಳು. ಸಂತೋಷ ಉಕ್ಕಿದ ಮರುಗಳಿಗೆಯೇ ಹೊರಗೆ ಕಾಯುತ್ತಿದ್ದ ತನ್ನ ಜನರ ಮುಖಗಳು ಕಣ್ಣಿಗೆ ಕಟ್ಟಿದವು. “ಆದ್ರೆ ಅವರಿಗೆ ಏನಂತ ಹೇಳೋದು?”

“ಇಬ್ರೂ ತಪ್ಪು ಮಾಡಿದೀವಿ ಅಂತ. ನಡೀರಿ, ಒಟ್ಟಿಗೆ ಹೇಳೋಣ.”

ಹೊಸ್ತಿಲಲ್ಲಿ ಅವನು ಕೈ ಚಾಚಿದ. ಅಂಗೈ ಬೆವೆತಿತ್ತು. ಅವಳು ಅದನ್ನು ಹಿಡಿದುಕೊಂಡೇ ಹೊರಗೆ ನಡೆದಳು.