ಎಂಜಿನ್ನಿನ ಉಸಿರು

“ಮಿಷನ್ನು ತಗೊಂಡೋಗು ಅಳೀಮಯ್ಯ, ಬ್ಯಾಡ ಅನ್ನಾಕಿಲ್ಲ. ಆದ್ರೆ ಪ್ಲಗ್ ಬಿಚ್ಚಿ ಎಬ್ಬೆಟ್ಟು ಮಾತ್ರ ಇಡ್ಬ್ಯಾಡ,” ಎಂದಳು ನೆರೆಮನೆಯ ಅಜ್ಜಿ ಚಿಕ್ಕಮುನಿಯಮ್ಮ, ತನ್ನ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು. “ನಮ್ಮ ಯಜಮಾನ್ರು ಅದ್ರಾಗೆ ಮುನೇಶ್ವರನ ಮರ ಕೊಯ್ದು ತೀರ್ಕಂಡ್ರು. ಯಾರೋ ಮಾಟ ಮಾಡಿ ಅವ್ರ ಉಸಿರನ್ನ ಅದಕ್ಕೇ ಕಟ್ಟವ್ರೆ. ಉಸಿರೈತಾ ಅಂತ ಮುಟ್ಟಿ ನೋಡಿದೋರ ಮನೇಲಿ ಇನ್ನೊಂದು ಉಸಿರನ್ನ ಅದು ತನಗೇ ಕಟ್ಕಂತದೆ.”

ಪೀಣ್ಯದ ಕಾರ್ಖಾನೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ಚಿನ್ನಪ್ಪನಿಗೆ ಅಷ್ಟು ಗಾಬರಿಯಲ್ಲೂ ನಗು ಬಂತು. “ಮಾಟ ಮಾಡಿದ್ರೆ ಪೆಟ್ರೋಲ್ ಕಮ್ಮಿ ಕುಡಿಯತ್ತಾ ಅಜ್ಜಿ?”

ಕಾಡುಗೋಡಿಯ ಮಾವನ ಮನೆಗೆ ಅವನು ಹೆಂಡತಿ ಅಂಜನಮ್ಮನೊಡನೆ ಬಂದದ್ದು ಹಿಂದಿನ ದಿನವಷ್ಟೇ. ಈ ದಿನ ಮಧ್ಯಾಹ್ನದ ಬಿರುಗಾಳಿಗೆ ಹಿತ್ತಲ ಆಲದ ಮರ ಉರುಳಿ, ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಂಜನಮ್ಮ ಅದರಡಿ ಸಿಕ್ಕಿಬಿದ್ದಿದ್ದಳು. ಕೊಡಲಿಯ ಒಂದೊಂದು ಏಟಿಗೂ ಮರ ಅವಳ ಎದೆಯ ಮೇಲೆ ಕುಸಿಯುತ್ತಿತ್ತು. ಊರಲ್ಲಿದ್ದ ಮರ ಕೊಯ್ಯುವ ಮಿಷನ್ನು ಇದೊಂದೇ. ಟಿಂಬರ್ ಡಿಪೋದ ಹರಾಜಿನಲ್ಲಿ ಅಜ್ಜಿಯ ಗಂಡ ತಂದ ಹಳೇ ಮಾಲು.

ಹಾಗೇ ಎತ್ತಿಕೊಂಡು ಓಡಬಹುದಿತ್ತು. ಆದರೆ ಕೈಗೆ ಹತ್ತಿದ ಅಭ್ಯಾಸ ಬಿಡಬೇಕಲ್ಲ! ಅರ್ಧ ಕೊಯ್ದ ಮೇಲೆ ಎಂಜಿನ್ ಕೈಕೊಟ್ಟರೆ ಮರ ಪೂರ್ತಿ ಅವಳ ಮೇಲೆ ಕೂರುತ್ತದೆ ಎಂದುಕೊಂಡ. ಪ್ಲಗ್ ಬಿಚ್ಚಿದ. ತುದಿ ಕಾಫಿ ಬಣ್ಣಕ್ಕೆ ಸುಟ್ಟಿತ್ತು, ಒಳ್ಳೆಯ ಲಕ್ಷಣ. ಪ್ಲಗ್ ಇದ್ದ ತೂತಿನ ಮೇಲೆ ಹೆಬ್ಬೆರಳಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಎಂಜಿನ್ ಗಟ್ಟಿಯಾಗಿದ್ದರೆ ಒಳಗಿನ ಗಾಳಿ ಬೆರಳನ್ನು ಹೊರಕ್ಕೆ ತಳ್ಳಬೇಕು.

ತಳ್ಳಲಿಲ್ಲ. ಒಳಕ್ಕೆ ಎಳೆದುಕೊಂಡಿತು. ಹಗ್ಗ ಬಿಟ್ಟ ಮೇಲೂ ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು. ಹಾಸಿಗೆ ಹಿಡಿದ ಮುದುಕ ಉಸಿರಾಡಿದ ಹಾಗೆ, ಬಿಸಿಯಾಗಿ, ತೇವವಾಗಿ. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು.

“ಮುಟ್ಟಿ ನೋಡ್ಬಿಟ್ಟೆಯಲ್ಲಪ್ಪಾ!” ಅಜ್ಜಿ ಅವನ ತೋಳು ಹಿಡಿದಳು. “ಇಲ್ಲೇ ಬಿಟ್ಟೋಗು. ನಿನ್ನ ಕಾಲಿಗೆ ಬೀಳ್ತೀನಿ.”

ಬಿಟ್ಟು ಹೋದರೆ ಅಂಜನಮ್ಮ ಉಳಿಯುವುದು ಹೇಗೆ? ಅವನಿಗೆ ಭಯವಾಗಿತ್ತು, ಸುಳ್ಳೇಕೆ. ಆದರೂ ಪ್ಲಗ್ ಮತ್ತೆ ತಿರುಗಿಸಿ ಕೂರಿಸಿ, ಪೆಟ್ರೋಲ್ ಸುರಿದು, ಮಿಷನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದ.

ಒಂದೇ ಎಳೆತಕ್ಕೆ ಮಿಷನ್ನು ಅರಚಿತು. ಹೊಟ್ಟು ಹಾರಿತು. ಹೊಗೆ ಕಣ್ಣಿಗೆ ತುಂಬಿತು. ಅಂಜನಮ್ಮನ ಮೇಲಿದ್ದ ಕೊಂಬೆ ಬೆಣ್ಣೆಯ ಹಾಗೆ ಎರಡಾಯಿತು. ಮಾವ ಚಿಕ್ಕಬೈರಪ್ಪ ಮಗಳನ್ನು ಎಳೆದು ಅಂಗಳದಲ್ಲಿ ಮಲಗಿಸಿದ. ಅವಳು ಕಣ್ಣು ಬಿಟ್ಟು ನಕ್ಕಳು. ಚಿನ್ನಪ್ಪ ಅಳುತ್ತಲೇ ಎಂಜಿನ್ ಆರಿಸಿದ.

ಅಂಜನಮ್ಮನ ಉಸಿರು ನಿಂತಿತು.

ತುಟಿ ನೀಲಿಗಟ್ಟಿತು. ಮಾವ ಕಿರುಚಿದ. ಚಿನ್ನಪ್ಪ ಹಗ್ಗಕ್ಕೆ ಕೈ ಹಾಕಿ ಎಳೆದ. ಎಂಜಿನ್ ಹತ್ತಿತು, ಅವಳ ಎದೆ ಎದ್ದಿತು. ಆಕ್ಸಿಲರೇಟರ್ ಮೇಲೆ ಅವನ ಬೆರಳು ಸಡಿಲವಾಗಿ ವೇಗ ಇಳಿದರೆ ಅವಳ ಉಸಿರೂ ಇಳಿಯುತ್ತಿತ್ತು. ಒತ್ತಿದರೆ ಏರುತ್ತಿತ್ತು.

“ಪೆಟ್ರೋಲ್ ತನ್ನಿ ಮಾವ! ಓಡಿ!”

“ಮರ ಕೊಯ್ದಾಯ್ತಲ್ಲಪ್ಪ, ಇನ್ಯಾಕೆ ಪೆಟ್ರೋಲು?”

ಹೇಗೆ ಹೇಳುವುದು? ಹೇಳಿದರೂ ಯಾರು ನಂಬುತ್ತಾರೆ? ಅವನೇ ನಕ್ಕಿರಲಿಲ್ಲವೇ? ಟ್ಯಾಂಕ್ ಹಗುರವಾಗುತ್ತಿತ್ತು. ಎಂಜಿನ್ ಒಮ್ಮೆ ತಡವರಿಸಿತು. ಅಂಜನಮ್ಮ ಕೆಮ್ಮಿದಳು. ಕಿವಿ ಮುಚ್ಚಿಕೊಂಡು, ಗಂಡನ ಕಡೆ ಪ್ರೀತಿಯಿಂದ ನೋಡಿದಳು.

“ಸಾಕು, ಆರಿಸ್ರೀ ಅದನ್ನ,” ಎಂದಳು. “ನಂಗೇನೂ ಆಗಿಲ್ಲ.”