ಅಮ್ಮನ ಒಪ್ಪೊತ್ತು

“ಬೇಗ ತಗೊಳ್ಳೇ, ಮಿಸ್ ನೋಡ್ಬಿಡ್ತಾರೆ!”

ಚೇತನಾ ತನ್ನ ಊಟದ ಡಬ್ಬಿಯನ್ನು ಶಿಲ್ಪಾಳ ಕಡೆಗೆ ತಳ್ಳಿದಳು. ಅದರಲ್ಲಿ ನುಗ್ಗೆಸೊಪ್ಪು ಹಾಕಿದ ಎರಡು ರಾಗಿರೊಟ್ಟಿ ಇದ್ದವು. ಬದಲಿಗೆ ಶಿಲ್ಪಾ ಒಂದು ಬನ್ನು, ಒಂದು ಚಿಪ್ಸ್ ಪ್ಯಾಕೆಟ್ ಕೊಟ್ಟಳು.

“ಭಾರಿ ಐತಿ ಬಿಡು ನಿಮ್ಮವ್ವನ ರೊಟ್ಟಿ!” ಎಂದು ಶಿಲ್ಪಾ ಕಣ್ಣು ಮುಚ್ಚಿಕೊಂಡು ತಿಂದಳು. ಅವಳ ಅಪ್ಪ ಅಮ್ಮ ಕೊಪ್ಪಳದ ಕಡೆಯಿಂದ ಕೆಲಸಕ್ಕೆಂದು ಬಂದು ಅತ್ತಿಗುಪ್ಪೆಯಲ್ಲಿ ಮನೆ ಮಾಡಿದ್ದರು. ಇಬ್ಬರೂ ಬೆಳಗ್ಗೆ ಆರಕ್ಕೇ ಹೊರಟುಬಿಡುತ್ತಿದ್ದರು. ಹಾಗಾಗಿ ಶಿಲ್ಪಾಳ ಬ್ಯಾಗಿನಲ್ಲಿ ಯಾವಾಗಲೂ ಅಂಗಡಿ ತಿಂಡಿಯೇ.

ಎರಡು ತಿಂಗಳಿಂದ ಈ ಅದಲುಬದಲು ನಡೆದಿತ್ತು. ಚೇತನಾಗೆ ರಕ್ತ ಕಮ್ಮಿ ಇದೆ, ಸೊಪ್ಪು, ರಾಗಿ, ಕಾಳು ಚೆನ್ನಾಗಿ ತಿನ್ನಿಸಿ ಎಂದು ಡಾಕ್ಟರ್ ಹೇಳಿದ ಮೇಲೆ ಅವಳ ಅಮ್ಮ ರಂಜಿನಿ ಬೆಳಗ್ಗೆ ಐದಕ್ಕೇ ಎದ್ದು ಸೊಪ್ಪು ಬಿಡಿಸಲು ಕೂರುತ್ತಿದ್ದಳು. ಚೇತನಾಗೋ ಸೊಪ್ಪೆಂದರೆ ಮೂಗು ಮುರಿಯುವಷ್ಟು ಬೇಸರ.

ಸಂಜೆ ಖಾಲಿ ಡಬ್ಬಿ ತೆರೆದಾಗ ಅಮ್ಮನ ಮುಖ ಅರಳುತ್ತಿತ್ತು. “ನನ್ನ ಬಂಗಾರ! ಒಂದ್ ಚೂರೂ ಬಿಟ್ಟಿಲ್ಲ!”

ಚೇತನಾ ಸುಮ್ಮನಿರುತ್ತಿದ್ದಳು. ತಿಂದೆ ಎಂದೇನೂ ತಾನು ಹೇಳಲಿಲ್ಲವಲ್ಲ, ಸುಮ್ಮನಿದ್ದರೆ ಸುಳ್ಳು ಹೇಗಾಗುತ್ತದೆ ಎಂದುಕೊಳ್ಳುತ್ತಿದ್ದಳು. ಭಾರೀ ಜಾಣೆ!

ಒಂದು ಸೋಮವಾರ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಡಾಕ್ಟರ್ ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

“ಹಿಮೋಗ್ಲೋಬಿನ್ ಇನ್ನೂ ಒಂಬತ್ತರಲ್ಲೇ ಇದೆಯಲ್ಲಮ್ಮ? ಸೊಪ್ಪು ಕೊಡ್ತಾ ಇದೀರಾ ತಾನೇ?”

“ದಿನಾ ಕೊಡ್ತೀನಿ ಸಾರ್. ಡಬ್ಬಿ ಖಾಲಿ ಮಾಡ್ಕೊಂಡೇ ಬರ್ತಾಳೆ.”

ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ನಿಜ ಹೇಳಿಬಿಡಬೇಕು ಅನ್ನಿಸಿದರೂ ಚೇತನಾ ತಲೆ ತಗ್ಗಿಸಿ ಅಮ್ಮನ ಹಿಂದೆ ಹೊರಟಳು. ದಾರಿಯಲ್ಲಿ ಅಮ್ಮ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, “ನನ್ನ ಅಡುಗೇಲೇ ಏನೋ ಸಾಲ್ತಾ ಇಲ್ಲ ಕಣೇ” ಎಂದಳು.

ಅದೇ ವಾರ ಶನಿವಾರ ಅರ್ಧ ದಿನವೇ ಸ್ಕೂಲು. ಚೇತನಾ ಮನೆಗೆ ಬಂದಾಗ ಅಮ್ಮ ಬಿಸಿ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಬಡಿಸಿದಳು. ತನಗೆ ಮಾತ್ರ ತಟ್ಟೆ ಇಟ್ಟುಕೊಳ್ಳಲಿಲ್ಲ.

“ನೀನೂ ಕೂತ್ಕೋಮ್ಮ.”

“ನಂಗೆ ಹಸಿವಿಲ್ಲ ಕಣೇ.”

ಅಷ್ಟರಲ್ಲೇ ಅಮ್ಮನ ಹೊಟ್ಟೆ ಗುರ್ ಎಂದಿತು. ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಚಿಕ್ಕಗಂಗಮ್ಮ ತಲೆಯೆತ್ತಿದರು.

“ಹಸಿವಿಲ್ವಂತೆ! ಬೆಳಗ್ಗಿಂದ ಒಂದ್ ಲೋಟ ಕಾಫಿ ಮೇಲೆ ಅವ್ಳೆ. ಐದು ಶನಿವಾರ ಒಪ್ಪೊತ್ತು ಇರ್ತೀನಿ ಅಂತ ಆಂಜನೇಯಂಗೆ ಹರಕೆ ಹೊತ್ಕೊಂಡವ್ಳೆ ಕಣವ್ವ, ನಿಂಗೆ ರಕ್ತ ಆಗ್ಲಿ ಅಂತ. ಸಂಜೆ ದೀಪ ಹಚ್ಚಿದ್ಮೇಲೇ ಅವ್ಳ ಊಟ.”

ಚೇತನಾ ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೇ ಹಾಕಿದಳು.

“ಅಮ್ಮಾ, ರೊಟ್ಟಿ ನಾನು ತಿಂತಾನೇ ಇರ್ಲಿಲ್ಲ. ಶಿಲ್ಪಾಗೆ ಕೊಟ್ಟು ಚಿಪ್ಸ್ ತಿಂತಿದ್ದೆ.” ಹೇಳುತ್ತ ಹೇಳುತ್ತ ಅಳು ಬಂತು.

“ಎರಡು ತಿಂಗಳಿಂದಾನಾ?”

ಚೇತನಾ ತಲೆಯಾಡಿಸಿದಳು. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆ ಜೋಡಿಸುವ ಸದ್ದು ಮಾತ್ರ ಕೇಳಿಸುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಬಂದು ಎದುರಿಗೆ ಕುಳಿತಳು. ಕಣ್ಣು ಕೆಂಪಾಗಿತ್ತು.

“ನಂಗೆ ಎಷ್ಟು ಬೇಜಾರಾಯ್ತು ಗೊತ್ತಾ? ಸೋಮವಾರದಿಂದ ನಾಲ್ಕು ರೊಟ್ಟಿ ಹಾಕ್ತೀನಿ. ಎರಡು ಆ ಮಗೂಗೆ, ಎರಡು ನಿಂಗೆ. ನಿಂದು ನೀನೇ ತಿನ್ಬೇಕು.”

“ತಿಂತೀನಿ, ಪ್ರಾಮಿಸ್. ಈಗ ನೀನೂ ಊಟ ಮಾಡು. ಇನ್ನು ಒಪ್ಪೊತ್ತು ಬೇಡ.”

“ದೇವ್ರ ಹತ್ರ ಹೇಳ್ಕೊಂಡ್ಮೇಲೆ ಬಿಡಕ್ಕಾಯ್ತದಾ?” ಅಜ್ಜಿ ಅಲ್ಲಿಂದಲೇ ಅಂದರು. “ಇದು ಮೊದಲ್ನೇ ವಾರ. ಇನ್ನೂ ನಾಲ್ಕು ಅವೆ.”

ಇನ್ನೂ ನಾಲ್ಕು ಶನಿವಾರ! ನಿಜ ಹೇಳಿದರೂ ಅಮ್ಮನ ಹಸಿವು ತಪ್ಪುವಂತಿರಲಿಲ್ಲ. ಚೇತನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಹಾಗಾದ್ರೆ ನಾನೂ ಸಂಜೆವರೆಗೂ ತಿನ್ನಲ್ಲ.”

ಅಮ್ಮ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಎಳೆದಳು.

“ನೀನು ಚೆನ್ನಾಗಿರ್ಲಿ ಅಂತ ತಾನೇ ನಾನು ಊಟ ಬಿಟ್ಟಿರೋದು? ನೀನೂ ಬಿಟ್ರೆ ನಾನ್ಯಾಕೆ ಹಸ್ಕೊಂಡಿರ್ಲಿ, ಹೇಳು?”

ಚೇತನಾ ಕಣ್ಣೊರೆಸಿಕೊಂಡು ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿ ನುಂಗಿದಳು. ಆಮೇಲೆ ಪಲ್ಯಕ್ಕೆ ಕೈ ಹಾಕಿದಳು. ಸೊಪ್ಪಿನ ರುಚಿಯೇನೂ ಬದಲಾಗಿರಲಿಲ್ಲ, ಮೊದಲಿನಂತೆಯೇ ಸ್ವಲ್ಪ ಕಹಿಯಿತ್ತು. ಆದರೂ ಅಗಿದು ಅಗಿದು ತಿಂದಳು. ಅವಳ ಒಂದೊಂದು ತುತ್ತನ್ನೂ ಅಮ್ಮ ನೋಡುತ್ತ ಕುಳಿತಿದ್ದಳು.

ತಟ್ಟೆಯಲ್ಲಿದ್ದ ಪಲ್ಯವೆಲ್ಲ ಮುಗಿಯಿತು. ಚೇತನಾ ತಟ್ಟೆಯನ್ನು ಅಮ್ಮನ ಕಡೆಗೆ ಚಾಚಿದಳು.

“ಇನ್ನೊಂಚೂರು ಹಾಕಮ್ಮ.”